ಒಂದು ಕಾಳಿನ ಭಾರ

ಸುಟ್ಟಿದ್ದು ಮುಂಗೈಯ ಒಳಮೈ,
ರೂಪಾಯಿ ಬಿಲ್ಲೆಯಷ್ಟು ಅಗಲ.
ಮಂಡಕ್ಕಿ ಭಟ್ಟಿಯ ಮರಳು ಸಿಡಿದದ್ದು
ಮಂಗಳವಾರ, ಬೆಳಗಿನ ಜಾವ ನಾಲ್ಕಕ್ಕೆ.
ಗುರುವಾರ ಡ್ರೆಸ್ಸಿಂಗ್ ಕೋಣೆಗೆ ಬಂದಳು ಮಸ್ತಾನ್‌ಬಿ,
ಸೆರಗು ತಾಗದ ಹಾಗೆ ಕೈಯನ್ನು ದೂರ ಹಿಡಿದು,
ಬೇರೆ ಯಾರದೋ ಕೂಸನ್ನು ಎತ್ತಿಕೊಂಡವಳಂತೆ.

"ಸುಟ್ಟಿದ್ದು ಇಷ್ಟೇ ಸಿಸ್ಟರ್.
ನೋವು ನೋಡ್ರಿ, ಇಲ್ಲಿಂದ ಇಲ್ಲೀತನಕ ಐತಿ.
ಫ್ಯಾನ್ ಗಾಳಿಗೂ ಉರಿ.
ರಾತ್ರಿ ಒಂದು ಕಾಳು ಮಂಡಕ್ಕಿ ಬಿತ್ತು ಇದರ ಮ್ಯಾಲೆ,
ಒಂದೇ ಕಾಳು,
ಕೂಗಿಬಿಟ್ಟೆ.
ಮಾಲೀಕ ಅಂದ: ಗುಳ್ಳೆ ರೂಪಾಯಿಯಷ್ಟು,
ಕೂಗು ದಾವಣಗೆರೆಯಷ್ಟು."

ಹತ್ತಿಯನ್ನು ಸಲೈನಿನಲ್ಲಿ ಅದ್ದಿದೆ.
ಭಟ್ಟಿ ಬಲ್ಲವಳಿಗೆ ಭಟ್ಟಿಯಿಂದಲೇ ಹೇಳಬೇಕು.

ಅಕ್ಕಿ ಎಷ್ಟು ಬಿಸಿಗೆ ಅರಳ್ತದೆ,
ಮರಳಿನ ಸದ್ದು ಕೇಳೇ ಹೇಳ್ತೀಯಲ್ಲ,
ಚರ್ಮದೊಳಗಿನ ನರದ ತುದಿಗೂ ಅಂಥದೊಂದು ಲೆಕ್ಕ.
ಅಲ್ಲೊಂದು ಬಾಗಿಲು,
ನಲವತ್ಮೂರು ಡಿಗ್ರಿ ಮುಟ್ಟಿದರೆ ತೆರೀತದೆ,
ಉರಿ ಅನ್ನೋ ಸುದ್ದಿ ಬೆನ್ನುಹುರಿಗೆ ಹೊರಡ್ತದೆ.
ಅದಕ್ಕಿಂತ ಕಡಿಮೆಗೆ ಅದು ಜಪ್ಪಯ್ಯ ಅನ್ನೋದಿಲ್ಲ.
ಮಂಡಕ್ಕಿ ಜೊತೆ ಕಚ್ಚೋ ಮಿರ್ಚಿ ಕೂಡ
ಬೆಂಕಿಯ ವೇಷ ಹಾಕಿಕೊಂಡು ತಟ್ಟೋದು ಆ ಕದವನ್ನೇ.

ಮರಳು ಸಿಡಿದಾಗ ಜೀವಕಣಗಳು ಸುಮ್ಮನೆ ಸಾಯಲಿಲ್ಲ,
ಒಡಲಲ್ಲಿದ್ದದ್ದನ್ನೆಲ್ಲ ಚೆಲ್ಲಿದವು.
ಕಾವಲಿನ ಕಣಗಳು ಓಡಿಬಂದು
ತಮ್ಮ ತಮ್ಮ ಚೀಲ ಕೊಡವಿದವು:
ಹಿಸ್ಟಮಿನ್, ಬ್ರಾಡಿಕೈನಿನ್, ಪ್ರೊಸ್ಟಗ್ಲಾಂಡಿನ್...
ಹೆಸರು ಬಿಡು, ಪರೀಕ್ಷೆ ಬರೆಯೋರಿಗೆ ಅದು.
ಅಗುಳಿ ತೆಗೆದವರು ಅವರೇ.
ಈಗ ಆ ಬಾಗಿಲು ಮೂವತ್ತೈದಕ್ಕೇ ತೆರೀತದೆ.
ಬಾತ ಜಾಗದ ಸ್ವಂತ ಕಾವು
ಅದಕ್ಕಿಂತ ಒಂದು ಡಿಗ್ರಿ ಹೆಚ್ಚು, ಮಸ್ತಾನ್‌ಬಿ.
ನಿನ್ನ ರಕ್ತದ ಬೆಚ್ಚಗೇ ನಿನ್ನನ್ನು ಸುಡ್ತಿರೋದು.

"ಹಂಗಾರೆ ಬೆಂಕಿ ಇಲ್ಲದ ಉರಿ. ಸುಳ್ಳುರಿ."

ಹೋದ ವರ್ಷ ನಿಮ್ಮ ಸಾಲಿನಲ್ಲಿ
ಹೊಟ್ಟಿನ ರಾಶಿಗೆ ಬೆಂಕಿ ಬಿತ್ತಲ್ಲ,
ಆಮೇಲೆ ಎಂಟು ದಿನ ಯಾರು ಬೀಡಿ ಹಚ್ಚಿದರೂ
ಜನ ಹೊಡೆಯೋಕೆ ಹೋಗ್ತಿದ್ದರಲ್ಲ,
ಅವರು ಸುಳ್ಳು ಹೇಳಿದರಾ?

"ಹೊಡದೇಬಿಟ್ರು, ನಮ್ಮ ಭಾವನ್ನ," ಅಂದು
ಮೊದಲ ಸಲ ನಕ್ಕಳು.
ನಗುವಿಗೂ ಕೈ ಅಲುಗಿತು. ಹಲ್ಲು ಕಚ್ಚಿದಳು.

ಇನ್ನೊಂದಿತ್ತು, ಹೇಳಲಿಲ್ಲ.
ಕೆಲವು ನರಗಳಿರುತ್ತವೆ,
ಹುಟ್ಟಿದಾಗಿನಿಂದ ಮಲಗಿಯೇ ಇದ್ದವು,
ಸೂಜಿಗೆ ಏಳುವುದಿಲ್ಲ, ಚಿವುಟಿದರೂ ಇಲ್ಲ.
ಗಾಯದ ನೀರು ಹನಿದು ತೊಯ್ದಾಗ ಮಾತ್ರ
ಅವು ಕಣ್ಣು ಬಿಡುತ್ತವೆ.
ಸುದ್ದಿ ಒಯ್ಯುವ ನರವೂ ಸುಮ್ಮನೆ ಒಯ್ಯುವುದಿಲ್ಲ,
ದಾರಿಯುದ್ದಕ್ಕೂ ತನ್ನದೊಂದಿಷ್ಟು ತುಳುಕಿಸುತ್ತ ಹೋಗುತ್ತದೆ,
ಸುಡದ ಚರ್ಮವೂ ಕೆಂಪಾಗುತ್ತದೆ.

ಅವಳ ಅಂಗೈ ನೋಡಿದೆ.
ಹದಿನೆಂಟು ವರ್ಷ ಕಾದ ಸಟ್ಟುಗ ಹಿಡಿದದ್ದು,
ಒರಳುಕಲ್ಲಿನ ಅಂಚಿನ ಹಾಗೆ ನುಣುಪು, ದಡ್ಡು.
ಅಲ್ಲಿಂದ ನಾಲ್ಕೇ ಬೆರಳು ಮೇಲೆ
ಗಾಳಿಗೆ ಅಳುವ ಜಾಗ.
"ಮೊಮ್ಮಗಳು ಈ ತೋಳ ಮ್ಯಾಲೇ ಮಲಗೋದು ಸಿಸ್ಟರ್.
ಪಕ್ಕ ಬದಲಾಯಿಸೀನಿ. ಸಿಟ್ಟು ಮಾಡ್ಯಾಳ."

ಡಾಕ್ಟರ ಡಬ್ಬಿಯಲ್ಲಿ ನೈಲಾನ್ ಎಳೆಗಳಿವೆ,
ಕೂದಲಿನಿಂದ ಹಿಡಿದು ಕಡ್ಡಿಯವರೆಗೆ, ನಂಬರು ಬರೆದವು,
ಯಾವುದು ಮುಟ್ಟಿದರೆ ನೋವು ಅಂತ ಅಳೆಯಲಿಕ್ಕೆ.
ಮಸ್ತಾನ್‌ಬಿಗೆ ಡಬ್ಬಿ ಬೇಕಾಗಲಿಲ್ಲ.
ದಿನಾ ರಾತ್ರಿ, ಗೇಣು ಎತ್ತರದಿಂದ
ತನ್ನ ಕೈ ಮೇಲೆ ತಾನೇ ಒಂದು ಕಾಳು ಬಿಡುತ್ತಿದ್ದಳಂತೆ.

ಮುಂದಿನ ಬುಧವಾರ ಬಂದು ಹೇಳಿದಳು:
"ನಿನ್ನೆ ಬಿದ್ದಿದ್ದು ಗೊತ್ತಾತು. ಅಷ್ಟೇ."
ಕಾಗದದ ಪೊಟ್ಟಣ ಮೇಜಿನ ಮೇಲಿಟ್ಟಳು,
ಎಣ್ಣೆಯ ಕಲೆ ಇನ್ನೂ ಹರಡುತ್ತಿತ್ತು.
ಕೈಗವಸು ತೆಗೆದು
ಒಂದು ಹಿಡಿ ಮಂಡಕ್ಕಿ, ಮಿರ್ಚಿಯ ಒಂದು ಕಚ್ಚು.
ಬೆಂಕಿ ಎಲ್ಲೂ ಇರಲಿಲ್ಲ.
ಕಣ್ಣಲ್ಲಿ ನೀರು ಬಂತು.