ನೂರಿಪ್ಪತ್ತು ಗಂಟೆ

ಕಾನೂನು ಕೇಳುವುದು ನೂರಿಪ್ಪತ್ತು ಗಂಟೆ,
ಅದರಲ್ಲಿ ಇಪ್ಪತ್ತು ಕತ್ತಲಲ್ಲೇ ಆಗಬೇಕು.
ಮುಸ್ಸಂಜೆ ಯಾವ ಲೆಕ್ಕಕ್ಕೆ ಎಂದು ಕಚೇರಿಯಲ್ಲಿ ಕೇಳಿದರೆ
ಆ ಹುಡುಗ ಕಿಟಕಿಯಾಚೆ ಒಮ್ಮೆ ನೋಡಿ
"ದೀಪ ಹಾಕಿದ್ದಿರಾ?" ಎಂದು ನನ್ನನ್ನೇ ಕೇಳಿದ.

ಹೆಸರು ಪೋ ವಾ.
ಬಿಳಿ ಹೂವೆಂದರ್ಥವಂತೆ ಅವಳ ಕರೆನ್ ನುಡಿಯಲ್ಲಿ.
ಕೆಜಿಎಫಿನ ಲೈನುಮನೆಯಲ್ಲಿ
ನಾಲ್ಕು ಭಾಷೆ ಕಲಸಿ ಉಂಡ ನನ್ನ ಕಿವಿಗೆ ಮಾತ್ರ
ಪೋ ಎಂದರೆ ಹೋಗು, ವಾ ಎಂದರೆ ಬಾ.
ಕಾರು ಕಲಿಯುವವಳಿಗೆ ಎಂಥ ಹೆಸರು ಕಣೇ, ಎಂದೆ.
ನಕ್ಕಳು. ಕ್ಲಚ್ಚಿನಿಂದ ಕಾಲು ಜಾರಿ
ಪುರಸಭೆಯ ಹಳೇ ಕೊರೊಲ್ಲಾ
ಬಿಕ್ಕಳಿಸಿ ನಿಂತಿತು.

ಅಪ್ಪ ಚಾಂಪಿಯನ್ ರೀಫ್ಸಿನಲ್ಲಿ
ಗಣಿಯ ಪಂಜರ ಇಳಿಸುತ್ತಿದ್ದವನು.
ಒಂದು ಗಂಟೆ ಬಡಿದರೆ ನಿಲ್ಲಿಸು,
ಮೂರು ಬಡಿದರೆ, ಒಳಗೆ ಮನುಷ್ಯರಿದ್ದಾರೆ.
ಕಾಣದ ಆಳಕ್ಕೆ ಜನರನ್ನಿಳಿಸಿ ಎತ್ತಿದವನು
ರಸ್ತೆಯ ಮೇಲೆ ಸೈಕಲ್ಲು ಬಿಟ್ಟು ಏನೂ ಓಡಿಸಲಿಲ್ಲ.
ನಾನೋ, ಬಂಗಾರಪೇಟೆಯ ಮೈದಾನದಲ್ಲಿ
ಬಾಡಿಗೆ ಅಂಬಾಸಿಡರಿನಲ್ಲಿ ಇಂಗ್ಲಿಷಿನ ಎಂಟು ಬರೆದು
ಹತ್ತು ನಿಮಿಷಕ್ಕೆ ಲೈಸೆನ್ಸು ತಂದವಳು.
ಆ ಎಂಟು ಸರಿಯಾಗಿ ಮುಚ್ಚಿರಲೂ ಇಲ್ಲ.
ಇದನ್ನು ಪೋ ವಾಗೆ ಹೇಳಿಲ್ಲ.

ಬೆಂಡಿಗೋದ ಕೆಳಗೂ ಸುರಂಗಗಳೇ.
ಮೇಲೆ ಟ್ರಾಮು, ಗುಲಾಬಿ, ವೃತ್ತದ ಮೇಲೆ ವೃತ್ತ.
ಬಲಗಡೆಯವರಿಗೆ ದಾರಿ ಬಿಡು ಎಂದದ್ದೇ ತಪ್ಪಾಯಿತು,
ಯಾರೂ ಇಲ್ಲದ ಬಲಕ್ಕೂ ದಾರಿ ಬಿಟ್ಟು ನಿಲ್ಲುತ್ತಾಳೆ.
ಹಿಂದಿನ ಯೂಟಿನವನು ಹಾರನ್ನು ಒತ್ತಿಯೇ ಒತ್ತಿದ.
ಹಳದಿ ಹಲಗೆಯ ಮೇಲೆ ಅಷ್ಟು ದೊಡ್ಡ ಕಪ್ಪು ಎಲ್,
ಕಣ್ಣೇನು ಮನೆಯಲ್ಲಿಟ್ಟು ಬಂದೆಯೇನೋ?
ಕಿಟಕಿ ಮುಚ್ಚಿಕೊಂಡು, ಕನ್ನಡದಲ್ಲೇ ಬೈದೆ.
ಆ ಮಾತು ಕಲಿಸಿಕೊಡಿ ಎಂದಳು.
ಪುಸ್ತಕದಲ್ಲಿ ಬರೆದೆ: ಎರಡು ತಾಸು, ಮೋಡ, ನಗರ ಸಂಚಾರ.
ಸಹಿ ಹಾಕಿದೆ.

ಎಂಬತ್ತೊಂಬತ್ತನೆಯ ಗಂಟೆ. ಎಲ್ಮೋರ್ ರಸ್ತೆ, ರಾತ್ರಿ.
ಬೆಳಕಿನೊಳಕ್ಕೆ ಕಾಂಗರೂ.
ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯಿತು,
ಅವಳದು ಇರುವುದನ್ನು.
ಅದು ದಾಟಿತು. ಸರಿ, ಹೊರಡು ಎಂದೆ.
ಹೊರಡಲಿಲ್ಲ.
"ಒಂದು ದಾಟಿದರೆ ಹಿಂದೆ ಇನ್ನೊಂದಿರುತ್ತದೆ."
ಇತ್ತು. ಅದರ ಹಿಂದೆ ಮರಿಯೂ.
ಯಾರು ಹೇಳಿಕೊಟ್ಟರೇ ಎಂದೆ.
ಅಮ್ಮ, ಗಡಿಯ ಹೊಳೆ ದಾಟಿದ ರಾತ್ರಿಯ ಬಗ್ಗೆ ಹೇಳುವಾಗ.
ಆಮೇಲೆ ಇಬ್ಬರೂ ಮಾತಾಡಲಿಲ್ಲ. ಇಂಡಿಕೇಟರು
ಯಾಕೋ ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಹದಿನೆಂಟು ತುಂಬಿದ ವಾರವೇ ಪರೀಕ್ಷೆಗೆ ಕೂತು ಫೇಲಾದಳು:
ಶಾಲೆಯ ಮುಂದೆ ನಲವತ್ತಿರಬೇಕಾದಲ್ಲಿ ನಲವತ್ತಾರು.
ಅಷ್ಟು ನಿಧಾನದವಳು!
ಎರಡನೆಯ ಸಲ ಪಾಸು.
ಈಗ ಕೆಂಪು ಪಿ. ವರುಷದ ಮೇಲೆ ಹಸಿರು, ಅದು ಮೂರು ವರುಷ.
ಫೋನು ಮುಟ್ಟುವಂತಿಲ್ಲ, ಒಂದು ಹನಿ ಬಿಯರು ಕೂಡದು,
ಗೆಳತಿಯರನ್ನು ತುಂಬಿಕೊಂಡು ಹೋಗುವಂತಿಲ್ಲ.
ಪಕ್ಕದ ಸೀಟಿನಲ್ಲಿ ನಾನಿರಬೇಕೆಂದು
ಎಲ್ಲೂ ಬರೆದಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ
ಅಮ್ಮನನ್ನು ಕೋಳಿ ಫ್ಯಾಕ್ಟರಿಗೆ ಬಿಟ್ಟು ಬರುತ್ತಾಳೆ.
ನಾಲ್ಕಕ್ಕೆ ನನಗೆ ಎಚ್ಚರ.
ಹೊದಿಕೆಯೊಳಗೆ ಬಲಗಾಲು ಏನನ್ನೋ ಒತ್ತುತ್ತದೆ.

ಹೋದ ಶನಿವಾರ ಬಾಗಿಲು ತೆರೆದರೆ ಅವಳಮ್ಮ,
ಫ್ಯಾಕ್ಟರಿಯ ಬೂಟಿನಲ್ಲೇ.
ಕೈಯಲ್ಲಿ ಅದೇ ಹಳದಿ ಹಲಗೆ, ಸೋಪಿನಲ್ಲಿ ತೊಳೆದದ್ದು,
ಮೂಲೆಯಿಂದ ಇನ್ನೂ ನೀರು.
ಮಗಳು ಕಲಿಸುವಂತಿಲ್ಲವಂತೆ, ನಾಲ್ಕು ವರುಷ.
ಅವಳಿಗೆ ಇಂಗ್ಲಿಷು ಅಷ್ಟಕ್ಕಷ್ಟೇ,
ಎದುರು ಮನೆ ಮುಂದೆ ನಿಂತ ನನ್ನ ಕಾರು ತೋರಿಸಿದಳು,
ನನ್ನನ್ನು, ತನ್ನನ್ನು.

ಚಪ್ಪಲಿ ಹುಡುಕುತ್ತಾ ಕೇಳಿದೆ,
ನಿಮ್ಮ ಹೆಸರು?