ಹುರಿ

ಫಟ್ಟೆಂದದ್ದು ನನಗೊಬ್ಬಳಿಗೇ ಕೇಳಿಸಿತು.
ಯಾರೋ ಹಿಮ್ಮಡಿಗೆ ಕಲ್ಲು ಹೊಡೆದರೆಂದು ತಿರುಗಿದೆ.
ಯಾರೂ ಇಲ್ಲ. ಹೊಸಮನೆ ಶಾಲೆ ಮೈದಾನ, ಸಂಜೆ ನಾಲ್ಕೂವರೆ,
ಸಾಲಿನಲ್ಲಿ ಕುಕ್ಕುರುಗಾಲಲ್ಲಿ ಕೂತ ಎಂಟು ಹುಡುಗಿಯರು,
ಖೋ ಹೇಗೆ ಕೊಡಬೇಕೆಂದು ಓಡಿ ತೋರಿಸಹೋದ
ನಲವತ್ತಮೂರರ ಡ್ರಿಲ್ ಮಿಸ್ಸು
ಕಂಬದ ಬುಡದಲ್ಲಿ.

ಕಿತ್ತುಹೋದದ್ದಕ್ಕೆ ಹೆಸರೇನು?
ಪಾಠದ ಪುಸ್ತಕದಲ್ಲಿ ಸ್ನಾಯುರಜ್ಜು.
ಆ ಪದ ಹೇಳಿ ಕುಂಟಿದವರನ್ನು ನಾನು ಕಂಡಿಲ್ಲ.
"ನರ ಹಿಡ್ಕಂಡಿರ್ಬೇಕು" ಅಂದ ಆಟೋದ ಗಂಗಾಧರ.
"ನರ ತಪ್ಪಿದೆ, ಎಣ್ಣೆ ತಿಕ್ಕು" ಅಂದರು ಅತ್ತೆ.
ಊರಿಗೆಲ್ಲ ಒಂದೇ ನರ,
ತಲೆನೋವಿಗೂ ಸಿಟ್ಟಿಗೂ ಹಿಮ್ಮಡಿಗೂ.
ನಾನು ಮನಸ್ಸಿನಲ್ಲೇ ಹುರಿ ಎಂದು ಕರೆದುಕೊಂಡೆ.
ಹುರಿ ಬಿಚ್ಚಿತ್ತು. ಅರ್ಧ.

ಮೆಗ್ಗಾನ್ ಆಸ್ಪತ್ರೆ ಆರು ವಾರ ಬೂಟಿನೊಳಗಿಟ್ಟು ಕಳಿಸಿತು.
ಮಿಕ್ಕದ್ದು ಬಾಗಿಲಿಗೇ ಬಂತು.
ವಿಜ್ಞಾನದ ಪರಮೇಶ್ವರಪ್ಪ ಮೇಷ್ಟ್ರು ತಂದ ಡಬ್ಬ,
ಎರಡು ಸಾವಿರದ ಮುನ್ನೂರು, ಸ್ಟಾಫಿಗಾದರೆ ಎರಡೇ ಸಾವಿರ,
ಕೊಲ್ಯಾಜೆನ್. ಮುಚ್ಚಳದ ಮೇಲೆ ಓಡುವ ಹೆಣ್ಣು,
ಅವಳ ಹಿಮ್ಮಡಿಗೆ ಚಿನ್ನದ ಗೆರೆ.
ಆಮೇಲೆ ಅರಿಶಿನದ ಮಾತ್ರೆ, ಮೀನೆಣ್ಣೆ ಮಾತ್ರೆ.
ಪಕ್ಕದ ಮನೆ ಜುಬೇದಾ ಆಪಾ ಕಾಲುಸೂಪು ತಂದರು:
"ಡಬ್ಬದಲ್ಲಿರೋದೂ ಇದೇ ಫೆಲ್ಸಿ, ಇದಕ್ಕೆ ಬಿಲ್ಲಿಲ್ಲ."
ಬೆಳಗಾಗುವಷ್ಟರಲ್ಲಿ ಸೂಪು ಹೆಪ್ಪುಗಟ್ಟಿ
ಬಟ್ಟಲು ಮುಟ್ಟಿದರೆ ನಡುಗುತ್ತಿತ್ತು,
ಯಾವುದೋ ಮೇಕೆ ಗುಡ್ಡ ಹತ್ತಿ ಹತ್ತಿ ಗಳಿಸಿದ್ದೆಲ್ಲ
ಅಷ್ಟರಲ್ಲೇ.
ಎರಡನ್ನೂ ಕುಡಿದೆ. ನಂಬಿಕೆಯಿಂದಲ್ಲ, ಹೆದರಿಕೆಯಿಂದ.

ದುರ್ಗಿಗುಡಿಯಲ್ಲಿ, ಕಾಲು ಕೆಟ್ಟವರೇ ಬರುವ ಕ್ಲಿನಿಕ್ಕಿಗೆ
ಇಪ್ಪತ್ತೆರಡು ಮೆಟ್ಟಿಲು.
ಫಿಸಿಯೋ ಸುಚೇತಾ, ರಿಪ್ಪನ್‌ಪೇಟೆ ಹುಡುಗಿ,
ಡಬ್ಬವನ್ನು ತಿರುಗಿಸಿ ತಿರುಗಿಸಿ ಓದಿದಳು.
"ಕೆಲಸ ಮಾಡುತ್ತಾ?"
"ಗೊತ್ತಿಲ್ಲ ಮೇಡಂ."
ಅಷ್ಟು ದಿನಗಳಲ್ಲಿ ಯಾರೂ ಆಡದ ಮಾತು.
ಮೊದಲ ಸಲ ಒಬ್ಬರನ್ನು ನಂಬಬೇಕೆನಿಸಿತು.
"ಸಣ್ಣಪುಟ್ಟ ಪರೀಕ್ಷೆ ನಡೆದಿವೆ, ಹತ್ತಿಪ್ಪತ್ತು ಜನರ ಮೇಲೆ,
ಆಸೆ ಹುಟ್ಟಿಸೋಷ್ಟು. ಕುಡೀರಿ, ನಿಂಬೆಹಣ್ಣು ಹಿಂಡ್ಕೊಳ್ಳಿ.
ಆದ್ರೆ ಕುಡಿದು ಕೂತ್ಕೋಬೇಡಿ.
ಅಲ್ಲಿಗೆ ರಕ್ತ ಹೋಗೋದೇ ಕಮ್ಮಿ, ಕೊನೇ ಬಸ್ಸಿನ ಊರು ಅದು.
ನೀವು ತುಳಿದ್ರೇನೇ ಅದಕ್ಕೆ ಕೆಲಸ ನೆನಪಾಗೋದು."

ಕೊನೇ ಬಸ್ಸಿನ ಊರು ನನಗೆ ಗೊತ್ತು.
ಮೊದಲ ಪೋಸ್ಟಿಂಗು ನಿಟ್ಟೂರಿನಾಚೆ.
ಚಾಕ್‌ಪೀಸು, ಬೇಳೆ, ವಾರದ ಹಿಂದಿನ ಪೇಪರು
ಎಲ್ಲ ಒಂದೇ ಬಸ್ಸಿನಲ್ಲಿ. ಅದೂ ಬಂದರೆ ಬಂತು.
ಆ ಊರಲ್ಲೂ ಮನೆಗಳು ಎದ್ದವು.
ಯಾರಿಗೂ ಅವಸರವಿರಲಿಲ್ಲ, ಅಷ್ಟೆ.

ಹಿತ್ತಿಲ ಮೆಟ್ಟಿಲಂಚಿಗೆ ಮುಂಗಾಲೂರಿ ನಿಂತೆ.
ಏರುವಾಗ ಎರಡು ಕಾಲು, ಇಳಿಯುವಾಗ ಒಂದು.
ಹದಿನೈದು. ಮತ್ತೆ ಹದಿನೈದು.
ಬೆನ್ನಿಗೆ ಐದು ಕೇಜಿ ರೇಷನ್ ಅಕ್ಕಿ.
ಅತ್ತೆ ಕಿಟಕಿಯಿಂದ ನೋಡಿ ಶಿಲುಬೆ ಗುರುತು ಹಾಕಿಕೊಂಡರು.

ಡಿಸೆಂಬರಿಗೆ ಡಬ್ಬ ಮುಗಿಯಿತು.
ಫೆಬ್ರುವರಿಗೆ ಕಾಲು ಬಂತು.
ಯಾವುದರಿಂದ?
"ನೋಡಿದ್ರಾ!" ಅಂದರು ಪರಮೇಶ್ವರಪ್ಪ ಮೇಷ್ಟ್ರು,
ಇನ್ನೊಂದು ಡಬ್ಬ ಕೈಯಲ್ಲೇ ಇತ್ತು.
ಅತ್ತೆಯ ಬಳಿ ಮೇಣದಬತ್ತಿಯ ಲೆಕ್ಕ.
ಜುಬೇದಾ ಆಪಾ ಬಟ್ಟಲು ವಾಪಸು ಇಸಿದುಕೊಂಡು ನಕ್ಕರು.
ಕೇಳೋಣವೆಂದರೆ
ಏನೂ ಕುಡಿಯದ ಇನ್ನೊಬ್ಬ ಫೆಲ್ಸಿ
ಈ ಶಿವಮೊಗ್ಗದಲ್ಲಿಲ್ಲ,
ಅದೇ ಮೆಟ್ಟಿಲು, ಅದೇ ಅಕ್ಕಿ, ಅದೇ ತಿಂಗಳು ಸವೆಸಿದವಳು.

ಖಾಲಿ ಡಬ್ಬಕ್ಕೀಗ ಸುಣ್ಣದ ಪುಡಿ ತುಂಬಿದ್ದೇನೆ.
ಏಳನೇ ಕ್ಲಾಸಿನ ಐಮನ್ ಗೆರೆ ಎಳೆಯುತ್ತಾ
ಮುಚ್ಚಳದ ಹೆಣ್ಣನ್ನು ನೋಡಿ ಕೇಳಿದಳು,
"ಮಿಸ್, ಇದನ್ನೇ ಕುಡಿದಿದ್ದಾ ನೀವು?"
ಹೂಂ ಅಂದೆ. ಗೆರೆ ಸೊಟ್ಟ ಹೋಗ್ತಿದೆ ನೋಡು ಅಂದೆ.
ಹಾಸಿಗೆ ಬಿಟ್ಟ ಮೇಲಿನ ಹತ್ತು ಹೆಜ್ಜೆ
ಇನ್ನೂ ಬೇರೆ ಯಾರದೋ.
ಸೀಟಿ ಊದಿದೆ.