ಖಾಲಿ ಗಾಡಿಯ ತೂಕ

ವಡ್ಡಹಳ್ಳಿ ಮಂಡಿಯ ಪಕ್ಕದ ವೇಬ್ರಿಡ್ಜಿನಲ್ಲಿ
ಹನ್ನೊಂದು ವರ್ಷದಿಂದ ಕೂತಿದ್ದೇನೆ.
ತುಂಬಿದ ಗಾಡಿಯ ತೂಕದಲ್ಲಿ
ಖಾಲಿ ಗಾಡಿಯ ತೂಕ ಕಳೆದರೆ
ಉಳಿದದ್ದು ಟೊಮೆಟೊ.
ಇಷ್ಟೇ ನನ್ನ ವಿದ್ಯೆ.

ನನ್ನ ಸ್ವಂತ ಲೆಕ್ಕ ಹೀಗೆ:
ನೂರಿಪ್ಪತ್ತಾರು.
ಆಪರೇಷನ್ನಿನ ಮರುವರ್ಷ ಎಪ್ಪತ್ತೊಂದು.
ಈವತ್ತು ಬೆಳಿಗ್ಗೆ ಬಚ್ಚಲ ಮುಂದಿನ ಗಾಜಿನ ತಕ್ಕಡಿ
ತೊಂಬತ್ತನಾಲ್ಕು ಪಾಯಿಂಟ್ ಮೂರು ಅಂದಿತು.
ಓಲೆ ಬಿಚ್ಚಿಟ್ಟು ಇನ್ನೊಮ್ಮೆ ನಿಂತೆ.
ಅದೇ.

ಎರಡೆಳೆ ಸರ ಮಾರಿ ಕೊಯ್ಸಿಕೊಂಡ ಹೊಟ್ಟೆ.
ಒಂದು ಪಚ್ಚಬಾಳೆಯಷ್ಟು ಉಳಿಸಿದ್ದೇವೆ
ಅಂದಿದ್ದರು ಡಾಕ್ಟರು.
ಆಗ ಅರ್ಧ ಇಡ್ಲಿಗೆ ಬೆವರುತ್ತಿದ್ದೆ;
ಮುದ್ದೆಯ ತುತ್ತು ಎದೆಯಲ್ಲೇ ನಿಂತು
ಅತ್ತ ಇಳಿಯದೆ ಇತ್ತ ಬಾರದೆ
ಕಣ್ಣಲ್ಲಿ ನೀರು.
ಓರಗಿತ್ತಿ ಮುನಿರತ್ನಮ್ಮ ಮದುವೆಮನೆಯಲ್ಲಿ
ಎಲ್ಲರೆದುರು ನನ್ನ ಸೊಂಟಕ್ಕೆ ಕೈ ಸುತ್ತಿ
"ಸಿನಿಮಾದೋರ ಥರ ಆಗೋಗಿದೀಯ" ಅಂದಳು.
ಆ ಮಾತು ತಿಂದುಕೊಂಡೇ ಒಂದು ವಾರ ಇದ್ದೆ.

ಆಮೇಲೆ ಯಾವಾಗ ಶುರುವಾಯಿತು,
ತಾರೀಖು ಹೇಳಲಾರೆ.
ಟೀಯಲ್ಲಿ ಅದ್ದಿದ ಬನ್ನಿನ ಚೂರು.
ಡ್ರೈವರುಗಳು ಕಿಟಕಿಯಲ್ಲಿ ಇಟ್ಟುಹೋಗುವ
ಕಾರದ ಕಡಲೆಬೀಜ.
ಗಟ್ಟಿಯಾದದ್ದಕ್ಕೆ ತಡೆಯಿತ್ತು,
ಐಸ್‌ಕ್ರೀಮು ಜಾರಿಕೊಂಡು ಹೋಗುತ್ತಿತ್ತು
ಸುಂಕ ಕಟ್ಟದ ಗಾಡಿಯ ಹಾಗೆ.
ಒಂದು ಲಾರಿಗೂ ಇನ್ನೊಂದು ಲಾರಿಗೂ ನಡುವೆ
ರಾತ್ರಿ ಎರಡು ಗಂಟೆ, ಕೈ ಸುಮ್ಮನಿದ್ದರೆ
ಮನುಷ್ಯರು ಏನು ಮಾಡುತ್ತಾರೆ?
ಊಟ ಅಂತ ಕೂತು
ಒಂದು ದಿನವೂ ಹೆಚ್ಚು ಉಣ್ಣಲಿಲ್ಲ ನಾನು,
ನಮ್ಮಮ್ಮನಾಣೆ.

ರವಿಕೆ ಬಿಗಿಯಾದಾಗ ನಸೀಮಾ ಏನೂ ಕೇಳಲಿಲ್ಲ,
ಬ್ಲೇಡು ತಗೊಂಡು ಹೊಲಿಗೆ ಬಿಚ್ಚಿದಳು.
ಆಗ ಚಿಕ್ಕದು ಮಾಡಿದವಳು
ಹೆಚ್ಚಾದದ್ದನ್ನು ಕತ್ತರಿಸಿಯೇ ಇರಲಿಲ್ಲ,
ಒಳಗೆ ಮಡಿಚಿಟ್ಟಿದ್ದಳು.
"ನಿಂಗೆ ಮೊದಲೇ ಗೊತ್ತಿತ್ತೇನೇ?"
"ಇಲ್ಲ ಅಕ್ಕಾ. ಬಟ್ಟೆ ಕತ್ತರಿಸೋಕೆ
ನನಗೆ ಕೈಯೇ ಬರಲ್ಲ."
ಮಡಿಕೆಯೊಳಗಿನ ಬಟ್ಟೆ ಮಾತ್ರ ಹೊಸದರ ಹಾಗಿತ್ತು,
ಬಿಸಿಲು ಕಾಣದ ನೇರಳೆ.

ಕೋಲಾರದ ಆಸ್ಪತ್ರೆಯ ಗೋಡೆಯ ಮೇಲೆ ನಾನಿದ್ದೇನೆ,
ಎಡಕ್ಕೆ ಮೊದಲು, ಬಲಕ್ಕೆ ನಂತರ.
ಆ ಬಲಗಡೆಯವಳ ಕೆಳಗಿನ ಕುರ್ಚಿಯಲ್ಲಿ
ಮೂರು ಗಂಟೆ ಕಾದೆ. ಯಾರಿಗೂ ಗುರುತಾಗಲಿಲ್ಲ.
ಶ್ರೀನಿವಾಸಪುರದ ಹುಡುಗಿಯೊಬ್ಬಳು
ಚೀಟಿಯಿಂದ ಗಾಳಿ ಬೀಸಿಕೊಳ್ಳುತ್ತಾ ತಲೆಯೆತ್ತಿ
"ನಂಗೂ ಇವರ ಥರಾನೇ ಆಗ್ಬೇಕು" ಅಂದಳು.
"ಆಗ್ತೀಯಮ್ಮ" ಅಂದೆ.
ಸುಳ್ಳೇನೂ ಹೇಳಲಿಲ್ಲ.

ಡಾಕ್ಟರು ಬೈಯಲಿಲ್ಲ.
ಬಹಳ ಜನಕ್ಕೆ ಹೀಗಾಗುತ್ತೆ,
ಬಾಯಿಗೆ ಹಾಕಿದ್ದನ್ನೆಲ್ಲ ಬರೆದುಕೊಂಡು ಬನ್ನಿ,
ಮುಂದಿನ ತಿಂಗಳು ನೋಡೋಣ ಅಂದರು.
ಬೈಸಿಕೊಳ್ಳಲು ತಯಾರಾಗಿ ಹೋದವಳಿಗೆ
ಆ ತಯಾರಿಯನ್ನು ಎಲ್ಲಿಡಬೇಕೋ ತಿಳಿಯದೆ
ಮುಳಬಾಗಿಲಿನವರೆಗೂ ಬಸ್ಸಿನಲ್ಲಿ
ಮಡಿಲಲ್ಲೇ ಇಟ್ಟುಕೊಂಡು ಬಂದೆ.

ಈಗ ಗಾಡಿಗಳಿಲ್ಲದ ಹೊತ್ತು.
ಹೊರಗೆ ಬಂದು ಕಬ್ಬಿಣದ ಹಾಸಿನ ನಡುಮಧ್ಯೆ ನಿಂತಿದ್ದೇನೆ,
ಹನ್ನೊಂದು ವರ್ಷದಲ್ಲಿ ಮೊದಲ ಸಲ.
ಅರವತ್ತು ಟನ್ನಿಗೆ ಕಟ್ಟಿದ್ದು ಇದು,
ಹತ್ತು ಕಿಲೋಗಿಂತ ಸಣ್ಣದು ಇದರ ಕಣ್ಣಿಗೆ ಬೀಳದು.
ಕೆಂಪಂಕಿ ತಡವರಿಸಿತು,
ತೊಂಬತ್ತು ಅಂತ ನಿಂತಿತು.
ಮಿಕ್ಕ ನಾಲ್ಕು, ಪಾಯಿಂಟ್ ಮೂರರ ಸಮೇತ, ಮಾಫಿ.
ನಗು ಬಂತು. ಹಾಗೇ ನಿಂತೆ,
ಪಾದದಡಿ ಕಬ್ಬಿಣ ಇನ್ನೂ ಬೆಚ್ಚಗಿತ್ತು.

ತಿರುವಿನಲ್ಲಿ ಲೈಟು.
ಚಲಪತಿ ಬ್ರೇಕು ಒತ್ತಿ ತಲೆ ಹೊರಹಾಕಿ,
"ಏನಕ್ಕಾ, ಲೋಡಾ? ಖಾಲೀನಾ?"

"ಲೋಡು" ಅಂದೆ.
"ಇರು, ಇಳೀತೀನಿ."